ಇಸ್ತ್ರಿ ಹಾಕಿದ ಪಾಸ್‌ಪೋರ್ಟ್

ನಮ್ಮ ಅಕ್ಕನ ಕಣ್ಣೆದುರು ಯಾವುದೂ ಮುದುಡಿಕೊಂಡಿರಬಾರದು. ಅಕ್ಕ ಅಂದರೆ ಒಡಹುಟ್ಟಿದವಳಲ್ಲ, ನನ್ನ ವಾರಗಿತ್ತಿ, ನಮ್ಮ ಯಜಮಾನರ ಅಣ್ಣನ ಹೆಂಡತಿ. ಮಗಳು ಇನ್ನೂ ಅಂಬೆಗಾಲಿಡುತ್ತಿದ್ದಾಗಲೇ ಭಾವ ಹೋಗಿಬಿಟ್ಟರು. ಅಕ್ಕ ಯಾರ ಮುಂದೆಯೂ ಕೈ ಚಾಚಲಿಲ್ಲ. ನಾವಿರುವ ಕಟ್ಟಡದಲ್ಲೇ ಮೆಟ್ಟಿಲ ಕೆಳಗಿನ ಜಾಗ ಕೇಳಿ ಪಡೆದು, ಒಂದು ಉದ್ದನೆ ಮೇಜು ಹಾಕಿ, ಅದರ ಮೇಲೆ ಹಳೇ ಕಂಬಳಿ ಹಾಸಿ, ಇಸ್ತ್ರಿ ಪೆಟ್ಟಿಗೆ ಹಿಡಿದು ನಿಂತಳು. ಅಲ್ಲಿಂದ ಮುಂದೆ ಅವಳು ಕೂತಿದ್ದನ್ನು ನಾನು ನೋಡಿದ್ದು ಕಮ್ಮಿ.

ಬಟ್ಟೆಗೆ ಇಸ್ತ್ರಿ ಹಾಕಿದರೆ ಸರಿ, ಅದು ಹೊಟ್ಟೆಪಾಡು. ಇವಳು ಪೇಪರಿಗೂ ಹಾಕುತ್ತಾಳೆ. ಕರೆಂಟ್ ಬಿಲ್ಲಿಗೂ ಹಾಕುತ್ತಾಳೆ. ಮಗಳು ಪುಟ್ಟಿ ಸ್ಕೂಲಿಂದ ಮಡಚಿ ತಂದ ಉತ್ತರಪತ್ರಿಕೆಗೆ ಮೊದಲು ಇಸ್ತ್ರಿ, ಆಮೇಲೆ ಬೈಗುಳ. ಉಡುಗೊರೆ ಸುತ್ತಿದ ಬಣ್ಣದ ಕಾಗದವನ್ನು ಬಿಡಿಸಿ ಬಿಸಿ ತೋರಿಸಿ ಎತ್ತಿಡುತ್ತಾಳೆ. ಕೈಗೆ ಸಿಕ್ಕಿದ್ದರೆ ನನ್ನ ಗಂಟುಮೂತಿಗೂ ಒಂದು ಸಲ ಹಾಕಿರೋಳು. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ. ಇವಳದ್ದು ದಿನವಿಡೀ ಬೆಂಕಿ ಹತ್ತಿರದ ಕೆಲಸ, ಇನ್ನು ಹೋಗೋದೆಲ್ಲಿಂದ ಬಂತು!

ಆ ಪುಟ್ಟಿ ದೊಡ್ಡವಳಾಗಿ ಮೆಡಿಟರೇನಿಯನ್ ಸಮುದ್ರದ ದಂಡೆಯ ಒಂದು ದೇಶಕ್ಕೆ ಹೋದಳು. ಅಲ್ಲಿ ಒಂದು ಹೋಟೆಲ್ಲಿನ ಬಟ್ಟೆ ವಿಭಾಗದಲ್ಲಿ ಕೆಲಸ. ಹಾಸಿಗೆ ಹೊದಿಕೆ, ದಿಂಬಿನ ಚೀಲ, ಟವೆಲ್ಲು ಇವೇ ಅವಳ ಪ್ರಪಂಚ. ತಾಯಿಯಂತೆ ಮಗಳು ಅಂದುಕೊಳ್ಳಿ. ಕಟ್ಟಿಕೊಂಡವನು ಸರಕು ಹಡಗಿನಲ್ಲಿ ಅಡುಗೆಯವನು. ಒಳ್ಳೇ ಹುಡುಗ, ಆದರೆ ಹಡಗು ಹತ್ತಿದ ಮೇಲೆ ಅವನು ಇದ್ದೂ ಇಲ್ಲದ ಹಾಗೆ. ಪುಟ್ಟಿಗೆ ಚೊಚ್ಚಲ ಬಸಿರು. ದಿನ ತುಂಬುತ್ತಾ ಬಂದಂತೆ ರಕ್ತದೊತ್ತಡ ಏರಿತು, ಕೈಕಾಲು ಊದಿಕೊಂಡವು. ಬೇಗನೇ ಆಪರೇಷನ್ ಮಾಡಿ ಮಗುವನ್ನು ತೆಗೆಯಬೇಕು, ತಾಯಿಗೂ ಅಪಾಯ ಇದೆ ಅಂದರು ಡಾಕ್ಟರು. ಅಳಿಯನ ಹಡಗು ನಡುನೀರಿನಲ್ಲಿ.

"ಅಮ್ಮಾ, ನನ್ನನ್ನ ಒಳಗೆ ಕರ್ಕೊಂಡು ಹೋಗೋ ಮುಂಚೆ ಒಂದ್ಸಲ ನಿನ್ನ ಮುಖ ನೋಡ್ಬೇಕು," ಅಂದಳು ಪುಟ್ಟಿ ಫೋನಿನಲ್ಲಿ. ಅಕ್ಕ ಆಗ ಯಾರದೋ ಅಂಗಿಯ ಕಾಲರು ತಿದ್ದುತ್ತಿದ್ದಳು. ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, "ಬರ್ತೀನಿ," ಅಂದಳು. ಪಕ್ಕದ ಬೀದಿಗೆ ಹೋಗಿ ಬರುವವಳ ಹಾಗೆ.

ಬರ್ತೀನಿ ಅನ್ನೋದು ಸುಲಭ. ಟ್ರಾವೆಲ್ಸ್ ಆಫೀಸಿನವನು ನಮ್ಮಿಬ್ಬರನ್ನೂ ಎದುರು ಕೂರಿಸಿಕೊಂಡು ಉಸಿರು ಬಿಡದೆ ಹೇಳಿದ. ವೀಸಾ ಬೇಕು. ವೀಸಾಗೆ ಹತ್ತೂ ಬೆರಳಿನ ಗುರುತು ಕೊಡಬೇಕು. ವಾಪಸ್ ಬಂದ ಮೇಲೂ ಪಾಸ್‌ಪೋರ್ಟಿಗೆ ಕೆಲವು ತಿಂಗಳು ಆಯುಷ್ಯ ಉಳಿದಿರಬೇಕು, ಒಳಗೆ ಖಾಲಿ ಪುಟ ಇರಬೇಕು. ಹೋಗಿ ಬರುವ ಎರಡೂ ಟಿಕೆಟ್ಟು ತೋರಿಸಬೇಕು. ಅಲ್ಲಿ ಕಾಯಿಲೆ ಬಿದ್ದರೆ ಇನ್ಶೂರೆನ್ಸು. ಎಲ್ಲಿ ಉಳಿಯುತ್ತೀರಿ ಅನ್ನೋದಕ್ಕೆ ಮಗಳ ಕಾಗದ. ಅಲ್ಲಿನ ಪ್ಲಗ್ಗಿಗೆ ದುಂಡನೆ ಎರಡು ಕಡ್ಡಿ. ಬಿಸಿಲು ಅಂತ ನಂಬಬೇಡಿ, ಸಮುದ್ರದ ಗಾಳಿ ಸಂಜೆಗೆ ಕೊರೆಯುತ್ತೆ, ಸ್ವೆಟರ್ ಇಟ್ಟುಕೊಳ್ಳಿ.

"ಪ್ಲಗ್ಗು ದುಂಡಗಿದ್ರೆ ನನ್ನ ಪೆಟ್ಟಿಗೆ ಅಲ್ಲಿ ಕಾಯಲ್ವಾ?" ಅಂತ ಕೇಳಿದಳು ಅಕ್ಕ.

"ಅಯ್ಯೋ ನಿನ್ನ! ಬಾಣಂತನಕ್ಕೆ ಹೋಗ್ತಿದ್ದೀಯೋ, ಅಂಗಡಿ ಇಡೋಕೋ?" ಅಂದೆ.

ಪುಟ್ಟಿ ಮೊದಲೇ ಮಾಡಿಸಿಟ್ಟಿದ್ದ ಪಾಸ್‌ಪೋರ್ಟನ್ನು ಕೈಗೆ ತಗೊಂಡ ಟ್ರಾವೆಲ್ಸಿನವನು ಮುಖ ಹುಳ್ಳಗೆ ಮಾಡಿದ. ಅದು ತೊಟ್ಟಿಲ ಹಾಗೆ ಬಾಗಿತ್ತು. ಇಲಿ ಕಡಿದೀತು ಅಂತ ಅಕ್ಕ ಅದನ್ನು ದುಂಡನೆ ತಗಡಿನ ಡಬ್ಬಿಯಲ್ಲಿ ತುರುಕಿಟ್ಟಿದ್ದಳು. "ಏನಮ್ಮಾ ಇದು? ಪಾಸ್‌ಪೋರ್ಟ್ ನೀಟಾಗಿರಬೇಕು. ಹೀಗೆ ಮುದುಡಿಕೊಂಡಿದ್ರೆ ಅಲ್ಲಿ ಒಂದು ತರಾ ನೋಡ್ತಾರೆ," ಅಂದ. ಆ ಮಹಾನುಭಾವನ ಬಾಯಿಂದ ಆ ಮಾತು ಬರಬಾರದಿತ್ತು. ಬಂದುಬಿಟ್ಟಿತು.

ವೀಸಾ ಬಂತು. ಕಾದ ಕಬ್ಬಿಣದ ಪಕ್ಕ ಬದುಕಿ ನುಣುಪಾದ ಅಕ್ಕನ ಬೆರಳುಗಳನ್ನು ಗುರುತು ತಗೊಳ್ಳೋ ಮಿಷನ್ನು ಸುಮ್ಮನೆ ಒಪ್ಪಲಿಲ್ಲ. ಒತ್ತಿಸಿ, ಒರೆಸಿ, ಮತ್ತೆ ಒತ್ತಿಸಿ ಅಂತೂ ತಗೊಂಡಿತು. ಪಾಸ್‌ಪೋರ್ಟಿನ ಒಳಪುಟಕ್ಕೆ ವೀಸಾ ಚೀಟಿ ಅಂಟಿಸಿ ಕೊಟ್ಟರು. ಅಷ್ಟರಲ್ಲಿ ಡಾಕ್ಟರು ಆಪರೇಷನ್ನನ್ನು ಇನ್ನೂ ಮುಂಚಿನ ದಿನಕ್ಕೆ ಎಳೆದರು. ಟಿಕೆಟ್ ಬದಲಾಯಿಸಿದೆವು. ವಿಮಾನ ಇಳಿಯುವ ದಿನವೇ ಆಪರೇಷನ್ನು. ಇಳಿದು ಸೀದಾ ಆಸ್ಪತ್ರೆಗೆ ಓಡಿದರೆ ಮಗಳ ಮುಖ ಸಿಕ್ಕರೆ ಸಿಕ್ಕಿತು.

ಹೊರಡುವ ಹಿಂದಿನ ದಿನ ಅಕ್ಕನ ಕೋಣೆಗೆ ಹೋದೆ. ಪೆಟ್ಟಿಗೆ ಕಟ್ಟಿ ಮುಗಿಸಿದ್ದಳು. ಮಂಚದ ಮೇಲೆ ಕಾಗದದ ಫೈಲು. ಟಿಕೆಟ್ಟು, ಇನ್ಶೂರೆನ್ಸು, ಪುಟ್ಟಿಯ ಕಾಗದ ಎಲ್ಲ ಹಪ್ಪಳದ ಹಾಗೆ ಗರಿಗರಿ.

"ನೋಡೇ, ಈಗ ಯಾರು ಒಂದು ತರಾ ನೋಡ್ತಾರೋ ನೋಡ್ಲಿ," ಅಂತ ಪಾಸ್‌ಪೋರ್ಟನ್ನು ನನ್ನ ಕೈಗಿಟ್ಟಳು. ಹಲಗೆಯ ಹಾಗೆ ನೆಟ್ಟಗಾಗಿತ್ತು. ಹೊರಗಿನ ಚಿನ್ನದ ಬಣ್ಣದ ಅಕ್ಷರ ಮಾಸಿತ್ತು. ನನಗೆ ಏನೋ ಅನುಮಾನ ಬಂದು ಫೋಟೋ ಇರುವ ಪುಟ ತೆಗೆದೆ. ಫೋಟೋ ಮೇಲಿನ ಪ್ಲಾಸ್ಟಿಕ್ ಹಾಳೆ ಒಂದು ಮೂಲೆಯಲ್ಲಿ ಎದ್ದು ಗುಳ್ಳೆ ಕಟ್ಟಿತ್ತು.

"ಏನ್ ಮಾಡಿದೆ ಇದಕ್ಕೆ?"

"ಇಸ್ತ್ರಿ ಹಾಕಿದೆ. ಜಾಸ್ತಿ ಕಾಯಿಸಿಲ್ಲ ಕಣೇ, ರೇಷ್ಮೆಗೆ ಹಾಕೋ ಹಾಗೆ, ಮೇಲೆ ಒದ್ದೆ ಬಟ್ಟೆ ಇಟ್ಟು."

ಬಾಯಿಗೆ ಬಂದ ಹಾಗೆ ಬೈದೆ. ನಿನಗೆ ಬುದ್ಧಿ ಇದೆಯಾ, ಅದೇನು ಪಕ್ಕದ ಮನೆಯವರ ಪ್ಯಾಂಟಾ, ಫೋಟೋ ಕಿತ್ತು ಬೇರೆ ಅಂಟಿಸಿದ್ದಾರೆ ಅಂತ ಜೈಲಿಗೆ ಹಾಕ್ತಾರೆ ನಿನ್ನ, ಅಂತೆಲ್ಲ ಕೂಗಾಡಿದೆ. ಅಕ್ಕ ಗುಳ್ಳೆಯ ಮೇಲೆ ಹೆಬ್ಬೆರಳು ಒತ್ತಿದಳು. ಅದು ಕೂತು ಮತ್ತೆ ಎದ್ದಿತು. ಟ್ರಾವೆಲ್ಸಿನವನಿಗೆ ಫೋನ್ ಮಾಡಿದರೆ ಅವನೂ ತಲೆ ಮೇಲೆ ಕೈ ಹೊತ್ತ. ಹೊಸ ಪಾಸ್‌ಪೋರ್ಟ್ ಮಾಡಿಸಬಹುದು, ಆದರೆ ವೀಸಾ ಹಳೆಯದರಲ್ಲಿದೆ, ಹೊಸದಕ್ಕೆ ಹೊಸ ವೀಸಾ, ಅಷ್ಟರಲ್ಲಿ ಮಗು ಎದ್ದು ಓಡಾಡುತ್ತೆ ಅಂದ. ಇದನ್ನೇ ಹಿಡಿದು ಹೋಗಿ, ನಿಮ್ಮ ಅದೃಷ್ಟ ಅಂದ.

"ಪುಟ್ಟಿಗೆ ಹೇಳ್ಬೇಡ್ವೇ," ಅಂದಳು ಅಕ್ಕ. "ಅವಳ ರಕ್ತ ಇನ್ನೂ ಏರುತ್ತೆ."

ಬೆಳಿಗ್ಗೆ ವಿಮಾನ ನಿಲ್ದಾಣದ ಹೊರಗೆ ನಮ್ಮ ಯಜಮಾನರು ಪೆಟ್ಟಿಗೆ ಇಳಿಸುತ್ತಿರುವಾಗ ನಾನು ಅಕ್ಕನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದೆ. "ಯಾರಾದ್ರೂ ಕೇಳಿದ್ರೆ ಬ್ಯಾಗಿನ ಮೇಲೆ ನೀರು ಬಿತ್ತು ಅನ್ನು. ಇಸ್ತ್ರಿ ಅಂದ್ರೆ ಒಬ್ರೂ ನಂಬಲ್ಲ. ನೀರು. ತಿಳೀತಾ?"

"ನೀರು ಬಿದ್ದ ಕಾಗದ ಹೀಗಿರಲ್ಲ ಕಣೇ, ಅದು ಉಬ್ಬುತ್ತೆ."

"ಅವರೇನು ಇಸ್ತ್ರಿಯವರಾ, ಅದೆಲ್ಲ ಗೊತ್ತಾಗೋಕೆ? ಹೇಳಿದಷ್ಟು ಮಾಡು."

ಗಾಜಿನ ಗೋಡೆಗೆ ಮೂಗು ಒತ್ತಿಕೊಂಡು ನಿಂತೆ. ಕೌಂಟರಿನ ಹುಡುಗಿ ಪಾಸ್‌ಪೋರ್ಟ್ ತೆಗೆದಳು, ಪುಟ ತಿರುಗಿಸಿದಳು, ಮಿಷನ್ನಿಗೆ ಎಳೆದಳು. ಇನ್ನೊಮ್ಮೆ ಎಳೆದಳು. ತಲೆ ಎತ್ತಿ ಅಕ್ಕನ ಮುಖ ನೋಡಿ, ಎದ್ದು ಹೋಗಿ ಕೋಟು ಹಾಕಿದ ಮೇಲಿನವನೊಬ್ಬನನ್ನು ಕರೆದುಕೊಂಡು ಬಂದಳು. ಅಕ್ಕನ ಹಿಂದಿನ ಸಾಲು ಪಕ್ಕದ ಕೌಂಟರಿಗೆ ಸರಿಯಿತು. ಅವಳೊಬ್ಬಳೇ ನಿಂತಿದ್ದಳು, ಸ್ವೆಟರನ್ನು ತೋಳಿನ ಮೇಲೆ ಮಡಿಕೆ ಕೆಡದ ಹಾಗೆ ಹಾಕಿಕೊಂಡು. ಕೋಟಿನವನು ಪುಟವನ್ನು ಬೆಳಕಿಗೆ ಹಿಡಿದ, ಯಾರಿಗೋ ಫೋನ್ ಮಾಡಿದ, ಮಾಡುತ್ತಲೇ ಇದ್ದ. ಕೊನೆಗೆ ಹುಡುಗಿ ಏನನ್ನೋ ಕೈಯಲ್ಲೇ ಟೈಪ್ ಮಾಡಿ ವಿಮಾನ ಹತ್ತುವ ಚೀಟಿ ಹರಿದು ಕೊಟ್ಟಳು.

ಸ್ವಲ್ಪ ಹೊತ್ತಿಗೆ ಅಕ್ಕನ ಫೋನು. "ಬಿಟ್ರು ಕಣೇ. ಅಲ್ಲಿ ಇಳಿಸ್ಕೊಳ್ಳದೆ ಇದ್ರೆ ಬಂದ ವಿಮಾನದಲ್ಲೇ ವಾಪಸ್, ನಮ್ಮನ್ನ ಕೇಳ್ಬೇಡಿ ಅಂದ್ರು."

"ನೀರು, ಮರೀಬೇಡ."

"ಹೂಂ ಬಿಡೇ. ನೀರು."

ಮನೆಗೆ ಬಂದು ಸುಮ್ಮನಿರಲಾಗಲಿಲ್ಲ. ಮೆಟ್ಟಿಲ ಕೆಳಗೆ ಹೋಗಿ ಅಕ್ಕನ ಮೇಜಿನ ಮುಂದೆ ನಿಂತೆ. ಉಳಿದ ಬಟ್ಟೆ ನೋಡ್ಕೊಳ್ತೀನಿ ಅಂತ ಮಾತು ಕೊಟ್ಟಿದ್ದೆ. ಇಸ್ತ್ರಿ ಪೆಟ್ಟಿಗೆ ಎತ್ತಿದರೆ ತೋಳು ಕಳಚಿ ಬೀಳುವಷ್ಟು ಭಾರ. ಅಷ್ಟು ವರ್ಷ ಅಷ್ಟೊಂದು ಭಾರ ತಳ್ಳಿದ್ದಾಳಾ ಇವಳು, ನಾನು ಮಹಡಿಯಲ್ಲಿ ಕಾಲು ಚಾಚಿಕೊಂಡು ಕೂತು ಇವಳನ್ನು ಆಡಿಕೊಳ್ಳುತ್ತಿದ್ದೆನಾ ಅನಿಸಿ ಸಂಕಟವಾಯಿತು. ಎರಡನೇ ಮಹಡಿಯ ಮೇಷ್ಟ್ರ ಅಂಗಿಯ ಕಾಲರು ಕಂದು ಮಾಡಿ ಇಟ್ಟೆ. ಆಮೇಲೆ ಪೆಟ್ಟಿಗೆ ಆರಿಸಿ, ಫೋನನ್ನು ಕಂಬಳಿ ಮೇಲಿಟ್ಟು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತೆ.

ಸಂಜೆ ಬಿಸಿಲು ಮೆಟ್ಟಿಲಿಗೆ ಬಂದಾಗ ಫೋನು ಹೊಡೆದುಕೊಂಡಿತು. ಅಕ್ಕ ಅಲ್ಲ, ಪುಟ್ಟಿ. ದನಿ ಏದುತ್ತಿತ್ತು.

"ಚಿಕ್ಕಮ್ಮಾ, ಅಮ್ಮನ್ನ ಏರ್‌ಪೋರ್ಟಲ್ಲಿ ಹಿಡಿದಿಟ್ಟಿದ್ದಾರೆ. ಪಾಸ್‌ಪೋರ್ಟ್ ಯಾರೋ ತಿದ್ದಿದ ಹಾಗಿದೆಯಂತೆ. ಆಫೀಸರ್ ನನಗೆ ಫೋನ್ ಮಾಡಿದ್ರು, ಅವರ ಮೇಲಿನವರು ಬಂದ ತಕ್ಷಣ ಮತ್ತೆ ಮಾಡ್ತಾರಂತೆ. ಏನಾಯ್ತು ಅದಕ್ಕೆ? ಸುಳ್ಳು ಹೇಳ್ಬೇಡ ಚಿಕ್ಕಮ್ಮಾ, ಸುಳ್ಳು ನೆನಪಿಟ್ಕೊಳ್ಳೋಕೂ ನನ್ನ ಹತ್ರ ಉಸಿರಿಲ್ಲ. ನನ್ನನ್ನ ಈಗ ಒಳಗೆ ಕರ್ಕೊಂಡು ಹೋಗ್ತಾರೆ."

ನಾನು ಎತ್ತಿ ಆಡಿಸಿದ ಕೂಸು. ಅದಕ್ಕೆ ಹೇಗೆ ಸುಳ್ಳು ಹೇಳಲಿ? "ನಿಮ್ಮಮ್ಮ ಅದಕ್ಕೆ ಇಸ್ತ್ರಿ ಹಾಕಿದ್ಲು ಕಣೇ," ಅಂದೆ. "ಆದ್ರೆ ನೋಡು, ನಾನು ಅವಳಿಗೆ..."

ಫೋನು ಕಟ್ಟಾಯಿತು. ಮತ್ತೆ ಮಾಡಿದೆ. ಬಿಜಿ. ಇನ್ನೊಂದು ಸಲ ಮಾಡಿದೆ. ಬಿಜಿ. ಆಫೀಸರ್ ಫೋನ್ ಬಂದಿರಬೇಕು. ಈಗ ಮಗಳು ಇಸ್ತ್ರಿ ಅಂತಾಳೆ. ತಾಯಿ ನೀರು ಅಂದಿರ್ತಾಳೆ. ಇಬ್ಬರ ಬಾಯಲ್ಲಿ ಎರಡು ಮಾತು ಬಂದ ಮೇಲೆ ಯಾವ ಆಫೀಸರ್ ತಾನೇ ಬಿಡುತ್ತಾನೆ? ಸುಮ್ಮನಿದ್ದಿದ್ದರೆ ಆಗುತ್ತಿತ್ತು. ನೀರು ಅನ್ನು ಅಂತ ಅಕ್ಕನಿಗೆ ಗಿಳಿಪಾಠ ಹೇಳಿಕೊಟ್ಟವಳೂ ನಾನೇ, ಇಸ್ತ್ರಿ ಅಂತ ಮಗಳಿಗೆ ಹೇಳಿದವಳೂ ನಾನೇ. ನಾನೇ ನನ್ನ ಕೈಯಾರೆ ತಾಯಿಯನ್ನೂ ಮಗಳನ್ನೂ ಎರಡು ಕಡೆಗೆ ತಳ್ಳಿಬಿಟ್ಟೆ. ಯಜಮಾನರು ಮೆಟ್ಟಿಲಿಳಿದು ಬಂದು, "ಒಂದ್ ಲೋಟ ನೀರು ಕುಡಿ," ಅಂದರು. ನೀರು ಅನ್ನೋ ಮಾತು ಕೇಳಿದ್ದೇ ಮೈ ಉರಿಯಿತು. ಅವರ ಮೇಲೆ ಹರಿಹಾಯ್ದೆ. ಪಾಪ, ಲೋಟ ಹಿಡಿದುಕೊಂಡೇ ವಾಪಸ್ ಹತ್ತಿದರು.

ಮೆಟ್ಟಿಲ ದೀಪ ಹಾಕುವ ಹೊತ್ತಾಯಿತು. ಆಗ ಬಂತು ಅಕ್ಕನ ಫೋನು. ನಾನು ಹಲೋ ಅನ್ನುವ ಮುಂಚೆಯೇ ಅವಳು ಬಿಕ್ಕಿದಳು.

"ಮುಖ ನೋಡೋಕಾಗ್ಲಿಲ್ಲ ಕಣೇ."

"ವಾಪಸ್ ಕಳಿಸಿದ್ರಾ?"

"ಇಲ್ಲ. ಬಿಟ್ರು. ಆಸ್ಪತ್ರೇಲಿದ್ದೀನಿ. ನಾನು ಬರೋ ಹೊತ್ತಿಗೆ ಅವಳನ್ನ ಒಳಗೆ ಕರ್ಕೊಂಡು ಹೋಗಿ ಬಾಗಿಲು ಹಾಕ್ಬಿಟ್ಟಿದ್ರು. ಇನ್ನೂ ತೆಗೆದಿಲ್ಲ. ಯಾರನ್ನ ಕೇಳೋದು, ನನ್ನ ಮಾತು ಯಾರಿಗೂ ಬರಲ್ಲ. ಅವಳ ಬಟ್ಟೆ ಒಂದು ಚೀಲದಲ್ಲಿ ತುಂಬಿ ನನ್ನ ಕೈಗೆ ಕೊಟ್ಟಿದ್ದಾರೆ. ಯಾಕೇ ಬಟ್ಟೆ ಕೊಟ್ರು ನಂಗೆ?"

"ಎಲ್ಲರಿಗೂ ಕೊಡ್ತಾರೆ ಕಣೇ ಅಕ್ಕಾ. ಆಪರೇಷನ್ ಅಂದ್ರೆ ಹಾಗೇ. ಅಳಬೇಡ. ಫೋನ್ ಇಡಬೇಡ, ನಾನಿದ್ದೀನಿ. ಮಾತಾಡ್ತಾ ಇರು. ನಿನ್ನನ್ನ ಹೇಗೆ ಬಿಟ್ರು, ಅದನ್ನ ಹೇಳು." ಅವಳ ಬಾಯಿ ನಿಂತರೆ ಎದೆಯೂ ನಿಂತೀತು ಅನ್ನೋ ಭಯ ನನಗೆ.

ಮೂಗೊರೆಸಿಕೊಂಡು ಹೇಳತೊಡಗಿದಳು. ಅಲ್ಲಿ ಒಬ್ಬ ಹೆಂಗಸು ಆಫೀಸರ್ ಅವಳನ್ನು ಸಣ್ಣ ಕೋಣೆಗೆ ಕರೆದೊಯ್ದರಂತೆ. ಒಂದು ಮೇಜು, ಎರಡು ಕುರ್ಚಿ, ಕಿಟಕಿ ಇಲ್ಲ. ಗುಳ್ಳೆ ತೋರಿಸಿ ಏನೋ ಕೇಳಿದರಂತೆ.

"ನೀನು ಹೇಳಿದ ಮಾತು ನಾಲಿಗೆ ತುದಿಗೆ ಬಂದಿತ್ತು ಕಣೇ. ಮೇಜಿನ ಮೇಲೆ ಲೋಟದಲ್ಲಿ ನೀರೂ ಇತ್ತು, ತೋರಿಸಿದ್ರೆ ಮುಗೀತಿತ್ತು. ಆದ್ರೆ ಅವರು ಆ ಪುಟಾನ ದೀಪಕ್ಕೆ ಹಿಡಿದು ನೋಡ್ತಿದ್ರು. ನಾನು ಹಾಕಿದ ಇಸ್ತ್ರೀನ ನಾನೇ ನೀರು ಅನ್ಲಾ? ಮನಸ್ಸು ಬರ್ಲಿಲ್ಲ. ಮೇಜಿನ ಮೇಲೆ ಅಂಗೈ ಊರಿ, ಹಿಂಗೆ ಹಿಂಗೆ ಅಂತ ತಳ್ಳಿ ತೋರಿಸ್ದೆ. ಅವರಿಗೆ ತಲೆಬುಡ ತಿಳೀಲಿಲ್ಲ. ಇವಳಿಗೆ ಹುಚ್ಚು ಅಂದ್ಕೊಂಡ್ರೋ ಏನೋ."

ಆಮೇಲೆ ಮೇಲಿನವನು ಬಂದ. ಪುಟ್ಟಿಯ ಕಾಗದದಲ್ಲಿದ್ದ ನಂಬರಿಗೆ ಫೋನ್ ಮಾಡಿ ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟ. ಪುಟ್ಟಿ ಅವರ ಭಾಷೆಯಲ್ಲಿ ಏನೇನೋ ಹೇಳಿದಳು. ಆಮೇಲೆ ನಮ್ಮ ಮಾತಿನಲ್ಲಿ, "ಅಮ್ಮಾ, ನಾನು ಅವರಿಗೆ ಏನು ಹೇಳಿದ್ದೀನಿ ಗೊತ್ತಾ? ನಮ್ಮಮ್ಮ ಅದಕ್ಕೆ ಇಸ್ತ್ರಿ ಹಾಕಿದ್ದಾಳೆ, ನಂಬಿಕೆ ಇಲ್ಲದಿದ್ರೆ ಅವಳ ಚೀಲದಲ್ಲಿರೋ ಕಾಗದ ಎಲ್ಲಾ ಸುರಿದು ನೋಡಿ, ಒಂದರಲ್ಲಾದ್ರೂ ಸುಕ್ಕಿದ್ರೆ ವಾಪಸ್ ಕಳಿಸಿ ಅಂದಿದ್ದೀನಿ," ಅಂದಳಂತೆ.

ಸುರಿದರು. ಟಿಕೆಟ್ಟು ಗರಿಗರಿ. ಇನ್ಶೂರೆನ್ಸು ಗರಿಗರಿ. ಪುಟ್ಟಿಯ ಕಾಗದದ ಮಡಿಕೆಯ ಗುರುತೇ ಇಲ್ಲ. ಕರವಸ್ತ್ರ ಚೌಕಾಕಾರ. ವಿಮಾನದಲ್ಲಿ ಕೊಟ್ಟ ಚಾಕಲೇಟಿನ ಕಾಗದವನ್ನು ಸಹ ಉಗುರಿನಲ್ಲಿ ತೀಡಿ ನೆಟ್ಟಗೆ ಮಾಡಿ ಇಟ್ಟುಕೊಂಡಿದ್ದಳು ಪುಣ್ಯಾತ್ಗಿತ್ತಿ! ಹೆಂಗಸು ಆಫೀಸರ್ ಆ ಚಾಕಲೇಟ್ ಕಾಗದ ಎತ್ತಿಕೊಂಡು ಅಕ್ಕನ ಮುಖ ನೋಡಿದರಂತೆ. ಅಂಗೈ ಮೇಜಿನ ಮೇಲಿಟ್ಟು, ಹಿಂಗೆ ಹಿಂಗೆ ಅಂತ ತಳ್ಳಿ, ಇದೇನಾ ಅನ್ನೋ ಹಾಗೆ ಹುಬ್ಬು ಎತ್ತಿದರಂತೆ. ಅಕ್ಕ ಹೂಂ ಅಂದಳು. ಮೇಲಿನವನು ಮಾತ್ರ ನಗಲಿಲ್ಲ. ಬೆರಳು ಇಡಿಸಿದ. ವೀಸಾಗೆ ಕೊಟ್ಟ ಬೆರಳು ಇದೇ ಹೌದೋ ಅಲ್ಲವೋ ಅಂತ ಮಿಷನ್ನು ಹೇಳಬೇಕು. ಕೆಂಪು ದೀಪ. ಒರೆಸಿ ಇಡಿಸಿದ. ಮತ್ತೆ ಕೆಂಪು. ಅಕ್ಕ ಬೆರಳಿಗೆ ಉಸಿರು ಊದಿ, ಇನ್ನೊಂದು ಸಲ ಬಲವಾಗಿ ಒತ್ತಿದಳು. ಹಸಿರು ಬಂತು.

"ಪುಟ್ಟಿ ಫೋನಿನಲ್ಲಿ ಇನ್ನೂ ಇದ್ಲು. ‘ಅಮ್ಮಾ, ಗಾಬರಿ ಆಗ್ಬೇಡ, ಸೀದಾ ಬಾ,’ ಅಂದ್ಲು. ಆಮೇಲೆ ಯಾರೋ ಅವಳ ಕೈಯಿಂದ ಫೋನ್ ತಗೊಂಡ್ರು. ಅಷ್ಟೇ ಕಣೇ. ದನಿ ಸಿಕ್ತು, ಮುಖ ಸಿಗ್ಲಿಲ್ಲ. ಆ ದರಿದ್ರ ಇಸ್ತ್ರಿ ಹಾಕದೆ ಇದ್ದಿದ್ರೆ ಸಿಗ್ತಿತ್ತು. ಎಷ್ಟೋ ಜನರ ಬಟ್ಟೆ ಸುಡದೆ ಕಾಪಾಡಿದ ಕೈ ನನ್ನ ಮಗೂನೇ..."

"ಬಾಯ್ಮುಚ್ಚು," ಅಂದೆ. "ಮುಚ್ಚೇ ಬಾಯಿ. ಅವಳು ಬರ್ತಾಳೆ. ನೋಡು, ನಾನು ಹೇಳ್ತಿದ್ದೀನಿ."

ನಾನು ಹೇಳಿದರೆ ಆಗಿಬಿಡುತ್ತಾ? ಆದರೂ ಹೇಳಿದೆ. ಆಮೇಲೆ ಫೋನಿನಲ್ಲಿ ಸರ್ ಸರ್ ಅನ್ನುವ ಸದ್ದು ಮಾತ್ರ ಕೇಳಿಸುತ್ತಿತ್ತು. ಅದೇನು ಅಂತ ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಪುಟ್ಟಿಯ ಬಟ್ಟೆಗಳನ್ನು ತೊಡೆ ಮೇಲಿಟ್ಟುಕೊಂಡು ಅಂಗೈಯಲ್ಲಿ ಸವರುತ್ತಿದ್ದಳು. ಸವರುತ್ತಾ ಇದ್ದಳು. ನಾನೂ ಇಲ್ಲಿ ಅವಳ ಮೇಜಿನ ಕಂಬಳಿಯನ್ನು ಹಾಗೇ ಸವರುತ್ತಿದ್ದೆ.

ಬಾಗಿಲು ತೆಗೆದ ಸದ್ದಾಯಿತು. ಯಾರೋ ಹೆಂಗಸು ಏನೋ ಹೇಳಿದಳು. "ನನ್ನ ಮಗಳು? ನನ್ನ ಮಗಳು ಹೇಗಿದ್ದಾಳೆ? ಮಗು ಆಮೇಲೆ, ಮಗಳು, ನನ್ನ ಮಗಳು," ಅಂತ ಅಕ್ಕ ನಮ್ಮ ಮಾತಿನಲ್ಲೇ ಕೂಗಿಕೊಳ್ಳುತ್ತಿದ್ದಳು. ಆ ನರ್ಸಿಗೆ ಏನು ತಿಳಿಯಬೇಕು? ನಾನು ಇಲ್ಲಿ ಫೋನಿಗೆ ಬಾಯಿ ಹಚ್ಚಿ, "ಏನಂತೆ, ಏನಂತೆ," ಅಂತ ಕಿರುಚಿದೆ. ಮಹಡಿಯ ಬಾಗಿಲುಗಳು ತೆರೆದುಕೊಂಡವು. ಯಜಮಾನರು ಬರಿಗಾಲಲ್ಲಿ ಓಡಿ ಬಂದರು. ಆ ಕಡೆಯಿಂದ ಹೆಜ್ಜೆ ಸದ್ದು, ಆಮೇಲೆ ಅದೂ ಇಲ್ಲ.

"ಅಕ್ಕಾ?"

"ಗಾಜಿನ ಆಚೆ ಮಲಗಿಸಿದ್ದಾರೆ," ಅಂದಳು ಅಕ್ಕ, ಬಹಳ ಮೆಲ್ಲಗೆ. "ಕಣ್ಣು ಬಿಟ್ಟಿದ್ದಾಳೆ. ನನ್ನ ಕಡೆ ನೋಡಿ ಕೈ ಎತ್ತಿದ್ಲು ಕಣೇ. ಅಂಗೈ ಹಾಸಿಗೆ ಮೇಲಿಟ್ಟು ಹಿಂಗೆ ಹಿಂಗೆ ಮಾಡಿದ್ಲು. ನನ್ನ ಆಡ್ಕೊಳ್ತಿದ್ದಾಳೆ, ಕಳ್ಳಿ."

ನಾನು ಮೆಟ್ಟಿಲ ಮೇಲೆ ಕುಸಿದು ಕೂತೆ. ಅಳುವೋ ನಗುವೋ ನನಗೇ ತಿಳಿಯಲಿಲ್ಲ. ಯಜಮಾನರು ನನ್ನ ಹೆಗಲ ಮೇಲೆ ಕೈಯಿಟ್ಟರು. ಈ ಸಲ ನೀರು ಅಂದಿದ್ದರೆ ಕುಡಿಯುತ್ತಿದ್ದೆ. ಎಷ್ಟೋ ಹೊತ್ತಾದ ಮೇಲೆ ಮಗುವಿನ ನೆನಪು ಬಂತು.

"ಮಗು ಹೇಗಿದೆಯೇ?" ಅಂದೆ.

"ಹೆಣ್ಣು. ಕೈಗೆ ಕೊಟ್ಟಿದ್ದಾರೆ. ಇಷ್ಟೇ ಇಷ್ಟು." ಅಕ್ಕ ಸುತ್ತಿದ ಬಟ್ಟೆ ಸರಿಸಿ ನೋಡಿದಳು ಅಂತ ಕಾಣುತ್ತೆ. "ಹಣೆ, ಕೈ, ಕಾಲು, ಎಲ್ಲಾ ಸುಕ್ಕು ಕಣೇ. ಮೈತುಂಬಾ ಸುಕ್ಕು."

"ಹಾಗಾದ್ರೆ?"

"ಹಾಗೇ ಇರ್ಲಿ," ಅಂದಳು ನಮ್ಮಕ್ಕ. "ಎಷ್ಟು ಚೆನ್ನಾಗಿದೆ."